ಮಧ್ಯಮ ದರ್ಜೆಯ ಕಾಡುದಾರಿ

ಸಣ್ಣಪ್ಪನಿಗೆ ಈಗ ಐವತ್ತಾರು ವರ್ಷ. ಅದರಲ್ಲಿ ಮೂವತ್ತನ್ನು ಅವನು ಒಂದೇ ದಾರಿಯಲ್ಲಿ ನಡೆದು ಕಳೆದಿದ್ದಾನೆ. ಚಂದ್ರಗುತ್ತಿಯಿಂದಾಚೆ ಕಾಡಿನ ಗೇಟಿನಲ್ಲಿ ಶುರುವಾಗಿ, ಒಂದು ಏರು ಹತ್ತಿ ಇಳಿದು, ವರದಾ ಹೊಳೆಯ ದಂಡೆಗುಂಟ ಸಾಗುವ ದಾರಿ ಅದು. ಬೆಳಿಗ್ಗೆ ಹೋಗಿ, ಎಲ್ಲಿ ಮರ ಬಿದ್ದಿದೆ, ಎಲ್ಲಿ ಬೆಂಕಿ ಹತ್ತಿದೆ, ಎಲ್ಲಿ ಕಳ್ಳರ ಕೊಡಲಿ ಬಿದ್ದಿದೆ ಎಂದು ನೋಡಿ ಬರುವ ವಾಚರ್ ಕೆಲಸ. ಮೂವತ್ತು ವರ್ಷದಿಂದಲೂ ತಾತ್ಕಾಲಿಕ. ಇಷ್ಟು ದೀರ್ಘಕಾಲ ತಾತ್ಕಾಲಿಕವಾಗಿರಲು ಎಂಥ ಗಟ್ಟಿ ಜೀವ ಬೇಕೆಂದು ನಾನು ರೇಗಿದರೆ ಅವನು ನಗುತ್ತಾನೆ.

ಅವನಿಗೆ ಕಿಲೋಮೀಟರಿನ ಲೆಕ್ಕವಿಲ್ಲ, ಕವಳದ ಲೆಕ್ಕ. ಗೇಟಿನಲ್ಲಿ ಬಾಯಿಗೆ ಹಾಕಿದ ಎಲೆಯಡಿಕೆ ಏರಿನ ತುದಿಯಲ್ಲಿ ಮುಗಿಯುತ್ತದೆ. ಹೊಳೆಗೆ ಇನ್ನೊಂದು, ದಂಡೆ ಮುಗಿಯುವಷ್ಟರಲ್ಲಿ ಮತ್ತೊಂದು. ಒಟ್ಟು ಮೂರು ಕವಳದ ದಾರಿ.

ಹೋದ ವರ್ಷ ಆ ದಾರಿಯನ್ನು ಪೇಟೆಯವರ ಚಾರಣಕ್ಕೆ ತೆರೆಯುವುದೆಂದಾಯಿತು. ಚಾರಣ ಯೋಜನೆಯ ಕಚೇರಿಯಿಂದ ನಿಯಮಗಳು ಬಂದವು. ದಾರಿ ಸುಲಭವಾಗಿದ್ದರೆ ಬಾಣದ ಗುರುತಿನ ಬೋರ್ಡು ಸಾಕು, ಮನುಷ್ಯ ಬೇಡ. ಕಠಿಣವಾಗಿದ್ದರೆ ದಾರಿಯನ್ನೇ ಮುಚ್ಚಬೇಕು. ಮಧ್ಯಮವಾಗಿದ್ದರೆ ಮಾತ್ರ ಒಬ್ಬ ಗೈಡ್, ಅದೂ ಕಾಯಂ ನೌಕರಿ. ಹೇಗಿದ್ದರೂ ವಾಚರ್ ಕೆಲಸ ರದ್ದು. ಅಂದರೆ ದಾರಿ ಮಧ್ಯಮವಾಗದಿದ್ದರೆ ಸಣ್ಣಪ್ಪ ಮನೆಯಲ್ಲಿ ಕೂರಬೇಕು. ಮೂವತ್ತು ವರ್ಷದಿಂದ ಅವನನ್ನು ಹಗಲು ಹೊತ್ತು ಮನೆಯಲ್ಲಿ ಕಂಡಿರದ ಹೆಂಡತಿ ಲೋಕಮ್ಮನಿಗೂ ಇದು ದಿಗಿಲಿನ ವಿಷಯವೇ ಆಗಿತ್ತು.

ದಾರಿಯ ದರ್ಜೆ ಗೊತ್ತುಮಾಡಲು ಮೇಘನಾ ಎಂಬ ಹುಡುಗಿ ಶಿವಮೊಗ್ಗದಿಂದ ಬಂದಳು. ಊರಿನ ಅರಣ್ಯ ಸಮಿತಿಯ ಸದಸ್ಯ, ಅಂದರೆ ನಿವೃತ್ತ ಮೇಷ್ಟ್ರಾದ ನಾನು, ಸಾಕ್ಷಿಯಾಗಿ ಜೊತೆಗೆ ನಡೆಯಬೇಕಾಯಿತು. ದಿನವೂ ಆ ದಾರಿ ನಡೆಯುವವನೆಂದು ಅವಳು ಸಣ್ಣಪ್ಪನ ಕೈಗೆ ಒಂದು ವಾಚು ಕಟ್ಟಿದಳು.

"ಇದು ನಿಮ್ಮ ಎದೆಬಡಿತ ಎಣಿಸುತ್ತೆ. ಕೊನೇಲಿ ನಾನು ವಾಚು ಬಿಚ್ಚೋವರೆಗೂ ನೂರು ದಾಟದಿದ್ರೆ ಸುಲಭ. ನೂರಾನಲವತ್ತು ದಾಟಿದ್ರೆ ಕಠಿಣ. ನಡುವೆ ಬಂದ್ರೆ ಮಧ್ಯಮ. ಮತ್ತೆ, ಕವಳ ಹಾಕೋ ಹಾಗಿಲ್ಲ."

"ಕವಳ ಇಲ್ದೆ ಎಲ್ಲಿಗೆ ಬಂದ್ವಿ ಅಂತ ಗೊತ್ತಾಗಾದು ಹೆಂಗ್ರೀ ಮೇಡಂ?" ಎಂದ ಸಣ್ಣಪ್ಪ.

ಏರಿನ ತುದಿಯಲ್ಲಿ ನಾನು ಒಂದು ಮತ್ತಿ ಮರ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದೆ. ಮೇಘನಾ ನೆಲದ ಮೇಲೇ ಕುಳಿತಿದ್ದಳು. ಸಣ್ಣಪ್ಪನ ವಾಚಿನಲ್ಲಿ ಅರವತ್ತೆಂಟು.

"ಓಡೋ ಮಾರಾಯ" ಎಂದು ಪಿಸುಗುಟ್ಟಿದೆ. ಅವನು ಇಳಿಜಾರಿನಲ್ಲಿ ಓಡಿಹೋಗಿ ಮತ್ತೆ ಹತ್ತಿ ಓಡಿಬಂದ. ಎಪ್ಪತ್ನಾಲ್ಕು.

"ಮೇಡಂ, ಹೊರೆ ಹೊತ್ಕಂಡು ನಡೆದ್ರೆ ಆಗ್ತದಾ?" ಎಂದು ಕೇಳಿದ.

"ಯಾವ ಹೊರೆ?"

"ಮೇಷ್ಟ್ರು ಅದಾರಲ್ರೀ."

ಅವಳು ಫೋನಿನಲ್ಲಿ ನಿಯಮಗಳನ್ನೆಲ್ಲ ಮೇಲೆ ಕೆಳಗೆ ಸರಿಸಿ ನೋಡಿದಳು. ಮೇಷ್ಟರನ್ನು ಹೊರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಎಂಬತ್ತು ಕೆ.ಜಿ. ತೂಗುವ ನಾನು, ಮೂರು ತಲೆಮಾರಿಗೆ ಮಗ್ಗಿ ಕಲಿಸಿದವನು, ಅವನ ಬೆನ್ನ ಮೇಲೆ ಕೂತು ಕಾಡು ಇಳಿದೆ. ನಾಚಿಕೆಯಿಂದ ಸಾಯುವಂತಾಯಿತು. ಹೊಳೆ ಕಾಣುವ ಹೊತ್ತಿಗೆ ವಾಚು ಎಂಬತ್ತೊಂದು ತೋರಿಸಿತು, ಅಷ್ಟೆ.

ನನ್ನನ್ನು ಇಳಿಸಿ ಅವನು ದಾರಿಯನ್ನೇ ನೋಡುತ್ತ ನಿಂತ. "ತಪ್ಪು ನಂದೇ ಮೇಷ್ಟ್ರೇ. ಮೊದ್ಲು ಇದು ಕಷ್ಟದ ದಾರೀನೇ. ಜಾರ್ತದೆ ಅಂತ ಕಲ್ಲು ಹಾಸ್ದೆ. ಹಳ್ಳಕ್ಕೆ ಮರದ ಸಂಕ ಹಾಕ್ದೆ. ಮುಳ್ಳು ಕಡ್ದೆ. ನಾನೇ ಸುಲಭ ಮಾಡಿಟ್ಟೆ."

ದಂಡೆಗುಂಟ ಉಳಿದ ದೂರವನ್ನು ಮೂವರೂ ನಡೆದೆವು. ದಾರಿಯ ಕೊನೆಯಲ್ಲಿ ಮೇಘನಾ ಫೋನಿನಲ್ಲಿ ವರದಿಯ ನಮೂನೆ ತೆರೆದು, ತಾನೇ ಏನೋ ಕದ್ದವಳಂತೆ ಮೆಲ್ಲಗೆ ಹೇಳಿದಳು: "ಸುಲಭ ಅಂತ ಬರೀಬೇಕಾಗುತ್ತೆ. ಬೋರ್ಡು ಹಾಕ್ತೀವಿ. ನಾಳೆಯಿಂದ ನೀವು ಬರೋದು ಬೇಡ ಸಣ್ಣಪ್ಪ ಅವರೇ."

ಸಣ್ಣಪ್ಪ ನಿಂತಲ್ಲೇ ನಿಂತಿದ್ದ. ವಾಚು ಕುಂಯ್ ಎಂದಿತು. ತೊಂಬತ್ತೆಂಟು. ನೂರಾ ಹನ್ನೆರಡು. ನೂರಾ ಇಪ್ಪತ್ತಾರು. ಒಂದು ಹೆಜ್ಜೆಯನ್ನೂ ಇಡದ ಮನುಷ್ಯನ ಎದೆ ನೂರಾ ಮೂವತ್ನಾಲ್ಕಕ್ಕೆ ಏರಿತು.

"ಸಾಕು! ಸಮಾಧಾನ ಮಾಡ್ಕೋ! ನೂರಾನಲವತ್ತು ದಾಟಿದ್ರೆ ದಾರೀನೇ ಮುಚ್ತಾರೆ!" ಎಂದು ನಾನು ಕಿರುಚಿದೆ. ಮೇಘನಾ ತಟ್ಟನೆ 'ಮಧ್ಯಮ' ಎಂದು ಒತ್ತಿ, ವಾಚನ್ನು ಅವನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಮೂವರೂ ಹೊಳೆಯ ನೀರಲ್ಲಿ ಮುಖ ತೊಳೆದುಕೊಂಡೆವು. ಯಾರ ಮುಖದಲ್ಲಿ ಯಾವ ನೀರಿತ್ತೋ ಯಾರೂ ಕೇಳಲಿಲ್ಲ.

ತಿಂಗಳ ನಂತರ ಆದೇಶ ಬಂತು. ದಾರಿ ಮಧ್ಯಮ, ಕಾಯಂ ಗೈಡ್ ಮಂಜೂರು. ಆದರೆ ಈ ದಾರಿಯಲ್ಲಿ ನಡೆಯುವಾಗ ಗೈಡ್‌ನ ಎದೆಬಡಿತ ನೂರಾ ಇಪ್ಪತ್ತನ್ನು ದಾಟಬಾರದು. ದಾಖಲೆಯ ಪ್ರಕಾರ ಸಣ್ಣಪ್ಪನದು ನೂರಾ ಮೂವತ್ನಾಲ್ಕು. ಇಂಥ ದಾರಿ ನಡೆಯಲು ಅವನು ಅಸಮರ್ಥ. ಓದಿ ನಾನು ಕಾಗದವನ್ನು ಹರಿಯುವುದೊಂದು ಬಾಕಿ. ಮೇಲಿನವರಿಗೆ ಮೂರು ಪತ್ರ ಬರೆದೆ, ಮೇಘನಾಳೂ ಒಂದು ಬರೆದಳಂತೆ. ಒಂದಕ್ಕೂ ಉತ್ತರವಿಲ್ಲ.

ಶಿರಾಳಕೊಪ್ಪದ ತೀರ್ಥೇಶ್ ಎಂಬ ಪದವೀಧರನನ್ನು ಗೈಡ್ ಮಾಡಿದರು. ಒಳ್ಳೆಯವನು, ಆದರೆ ಕಾಡು ಗೊತ್ತಿಲ್ಲ. ಅವನಿಗೆ ದಾರಿ ಕಲಿಸಲು, ಕಲಿಯುವವರೆಗೆ ಮಾತ್ರ, ದಿನಗೂಲಿಯ ಮೇಲೆ ಒಬ್ಬನನ್ನು ಇಟ್ಟುಕೊಂಡಿದ್ದಾರೆ. ಸಣ್ಣಪ್ಪನನ್ನು.

ಮೊನ್ನೆ ಗೇಟಿನ ಹತ್ತಿರ ಇಬ್ಬರೂ ಸಿಕ್ಕರು. "ಎಲ್ಲಿಗೆ ಬಂತಪ್ಪಾ ನಿಮ್ಮ ಪಾಠ?" ಎಂದೆ.

"ಎಂಟು ತಿಂಗ್ಳಾತು. ಏರಿನ ಅರ್ಧಕ್ಕೆ ಬಂದೀವಿ" ಎಂದ ಸಣ್ಣಪ್ಪ, ಬಹಳ ಗಂಭೀರವಾಗಿ. "ಒಂದೊಂದು ಮರ ಗುರ್ತು ಹಿಡೀಬೇಕಲ್ರೀ."

ಅಷ್ಟರಲ್ಲಿ ತೀರ್ಥೇಶನಿಗೆ ಕಚೇರಿಯ ಫೋನು ಬಂತು. ದಾರಿ ಕಲಿತಾಯಿತೇ ಎಂದು ಕೇಳಿದರು. ಅವನು ಸಣ್ಣಪ್ಪನ ಮುಖ ನೋಡಿ, ಹೊಳೆ ಇರುವ ದಿಕ್ಕಿಗೆ ಬೆನ್ನು ತಿರುಗಿಸಿ ನಿಂತು ಹೇಳಿದ:

"ಇಲ್ರೀ ಸರ, ಹೊಳಿ ಯಾ ಕಡಿಗೆ ಐತಿ ಅನ್ನೋದಽ ಇನ್ನೂ ತಿಳಿದಿಲ್ಲ."