ಖಳನಾಯಕನಿಗೆ ನಮ್ಮ ಮನೆಯ ಟೋಪಿ

ನನಗೆ ನಾಟಕದ ಹುಚ್ಚು. ತೊಂಬತ್ತರ ದಶಕದಲ್ಲಿ, ಕಂಟೋನ್ಮೆಂಟಿನ ನಮ್ಮ ಹೆಣ್ಣುಮಕ್ಕಳ ಕಾಲೇಜಿನ ಕನ್ನಡ ಸಂಘ ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ದುರಂತ ನಾಟಕವೊಂದನ್ನು ಆಡಿಸುತ್ತದೆಂದು ಕೇಳಿ, ಖಳನಾಯಕನ ಪಾತ್ರವನ್ನು ಜಗಳವಾಡಿ ಗಿಟ್ಟಿಸಿಕೊಂಡೆ. ಕನ್ನಡಕ್ಕೆ ತಂದು ಆಡಿಸುತ್ತಿದ್ದವರು ನಮ್ಮ ಕನ್ನಡದ ಮೇಡಂ. ಅದರಲ್ಲಿ ನಾಯಕನಿಗೆ ನಿಟ್ಟುಸಿರು ಬಿಡುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಒಳ್ಳೊಳ್ಳೆಯ ಮಾತೆಲ್ಲ ಖಳನದೇ. ಅವನೊಬ್ಬ ಯೆಹೂದಿ ವ್ಯಾಪಾರಿ. ಊರಿಗೆಲ್ಲ ವಿಷ ಹಾಕಿ ಕೊನೆಗೆ ತಾನೂ ಸಾಯುತ್ತಾನೆ. ಮೇಡಂ ಕನ್ನಡದಲ್ಲಿ ಅವನ ಮಗಳೊಬ್ಬಳು ಉಳಿಯುತ್ತಾಳೆ, ಊರವರೆಲ್ಲ ಖುಷಿಯಿಂದ ಹಾಡುವಲ್ಲಿಗೆ ನಾಟಕ ಮುಗಿಯುತ್ತದೆ.

ಪುಲಿಕೇಶಿನಗರದ ನಮ್ಮ ಮನೆಯಲ್ಲಿ ಹೆಣ್ಣುಮಗಳು ಸ್ಟೇಜ್ ಹತ್ತುವುದೆಂದರೆ ಹುಡುಗಾಟವಲ್ಲ. ಅಮ್ಮಿ ಮುಖ ಊದಿಸಿಕೊಂಡಳು. ಅಬ್ಬಾ ಮಾತ್ರ ತಾವೇ ಬಂದು ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇನೆಂದು ಹೇಳಿ ಅವಳ ಬಾಯಿ ಮುಚ್ಚಿಸಿದರು.

ನಾಟಕಕ್ಕೆ ಒಂದು ವಾರವಿರುವಾಗ ಮೇಡಂ ವೇಷದ ವಿಷಯ ತೆಗೆದರು. "ನಿಮ್ಮ ತಂದೆಯವರ ಟೋಪಿ ಒಂದು ತಗೊಂಡ್ಬಾಮ್ಮ. ಗಡ್ಡಾನೂ ಅವರ ಥರಾನೇ ಅಂಟಿಸೋಣ."

"ಮೇಡಂ, ಇವನು ಯೆಹೂದಿ."

"ಯಾವನಾದ್ರೇನಮ್ಮ? ನಮ್ಮ ಜನ ಯೆಹೂದೀನ ಎಲ್ಲಿ ನೋಡಿದಾರೆ? ಬಂದ ತಕ್ಷಣ ಇವನೇ ವಿಲನ್ ಅಂತ ಗೊತ್ತಾಗ್ಬೇಕು, ಅಷ್ಟೇ."

ಪಕ್ಕದಲ್ಲಿದ್ದ ಗೆಳತಿ ಕಿಸಕ್ಕನೆ ನಕ್ಕಳು. "ನಿಂಗೆ ಮೇಕಪ್ ಖರ್ಚೂ ಉಳೀತು ಬಿಡೇ."

ಮೈಯೆಲ್ಲ ಉರಿಯಿತು. ಮೇಡಂ ಕೆಟ್ಟವರಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ರಂಜಾನಿಗೆ ನಮ್ಮ ಮನೆಗೆ ಬಂದು, ಶೀರ್ ಖುರ್ಮಾ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದವರು ಅವರು! ಅಬ್ಬಾನ ಗಡ್ಡ ನೋಡಿದ್ದೂ ಅವತ್ತೇ. ನಾಲ್ಕು ನೂರು ವರ್ಷಗಳ ಹಿಂದೆ ಯಾವನೋ ಇಂಗ್ಲಿಷಿನವನು ತಾನು ಕಣ್ಣಾರೆ ಕಂಡನೋ ಇಲ್ಲವೋ, ಯೆಹೂದಿಯನ್ನು ರಾಕ್ಷಸ ಮಾಡಿಟ್ಟ. ಇವರು ಕೂತು ಮಾತಾಡಿಸಿದ ಮನುಷ್ಯನನ್ನೇ ರಾಕ್ಷಸ ಮಾಡಲು ಹೊರಟಿದ್ದರು.

"ಟೋಪಿ ತರಲ್ಲ ಮೇಡಂ. ಗಡ್ಡಾನೂ ಬೇಡ."

"ಹಾಗಾದ್ರೆ ಪಾರ್ಟ್ ಬೇರೆಯವರಿಗೆ ಕೊಡ್ತೀನಿ."

"ಕೊಡಿ. ಅಷ್ಟು ಮಾತು ಒಂದು ವಾರದಲ್ಲಿ ಯಾರು ಬಾಯಿಪಾಠ ಮಾಡ್ತಾರೋ ನಾನೂ ನೋಡ್ತೀನಿ."

ಯಾರೂ ಮುಂದೆ ಬರಲಿಲ್ಲ. ಮೇಡಂ ಹಲ್ಲು ಕಚ್ಚಿಕೊಂಡು ಒಪ್ಪಿದರು. ನನ್ನ ಸಿಟ್ಟು ಅಷ್ಟಕ್ಕೇ ಇಳಿಯುವಂಥದ್ದಲ್ಲ. ಲೈಬ್ರರಿಗೆ ಹೋಗಿ ಇಂಗ್ಲಿಷ್ ಮೂಲವನ್ನು ಒದ್ದಾಡಿಕೊಂಡು ಓದಿದೆ. ಅಯ್ಯೋ ದೇವರೇ! ಮೊದಲಲ್ಲೇ ಒಂದು ದೃಶ್ಯವಿತ್ತು. ಊರಿನ ದೊಡ್ಡವರು ಅವನ ಧರ್ಮದ ನೆವ ಹೇಳಿ ಅವನ ಮನೆ ಕಿತ್ತುಕೊಂಡು ಬೀದಿಗೆ ತಳ್ಳುತ್ತಾರೆ. ವಿಷದ ಕಥೆಯೆಲ್ಲ ಆಮೇಲೆ. ಮೇಡಂ ಅದನ್ನು ಕೈಬಿಟ್ಟಿದ್ದರು. ಕೇಳಿದರೆ, "ಟೈಮ್ ಸಾಲಲ್ಲ" ಎಂದರು. ವಿಷ ಹಾಕುವುದಕ್ಕೆ ಮಾತ್ರ ಟೈಮ್ ಬೇಕಾದಷ್ಟಿತ್ತು.

ನಾಟಕದ ದಿನ ಅಬ್ಬಾ ಹೇಳಿದಂತೆ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಕುರ್ತಾ, ತಲೆಯ ಮೇಲೆ ತಮ್ಮ ಟೋಪಿ ಹಾಕಿಕೊಂಡು ಕೂತಿದ್ದರು. ನಾನು ಬರಿತಲೆಯಲ್ಲಿ, ಕರಿಯ ನಿಲುವಂಗಿಯಲ್ಲಿ ಬಂದೆ. ವಿಷದ ಮಾತು ಶುರು ಮಾಡಬೇಕಿತ್ತು. ಮಾಡಲಿಲ್ಲ. ಕೈಬಿಟ್ಟ ದೃಶ್ಯವನ್ನು ನನ್ನದೇ ಕನ್ನಡದಲ್ಲಿ ಹೇಳಿದೆ. "ನನ್ನ ಮನೆ ಬಾಗಿಲಿಗೆ ನಿಮ್ಮ ಬೀಗ ಹಾಕಿದ್ದೀರಿ. ಯಾಕೆ ಅಂದರೆ ನನ್ನ ದೇವರನ್ನು ತೋರಿಸುತ್ತೀರಿ. ನಾನು ಮಾಡಿದ ತಪ್ಪು ಹೇಳಿ!" ಪರದೆಯ ಹಿಂದಿನಿಂದ ಮೇಡಂ, "ಲೈನ್ ತಪ್ಪಿದೆ, ಲೈನ್ ತಪ್ಪಿದೆ" ಎನ್ನುತ್ತಲೇ ಇದ್ದರು. ಅದನ್ನು ಮುಗಿಸಿಯೇ ನಾನು ವಿಷಕ್ಕೆ ಕೈ ಹಾಕಿದ್ದು. ಅವನನ್ನು ಒಳ್ಳೆಯವನನ್ನಾಗಿ ಮಾಡಲಿಲ್ಲ. ನನಗೆ ಅದು ಬೇಕೂ ಇರಲಿಲ್ಲ.

"ನಾಟಕ ಕೆಡಿಸ್ಬಿಟ್ಟೆಯಲ್ಲೇ!" ಎಂದು ಮೇಡಂ ಆಮೇಲೆ ರೇಗಿದರು.

"ನೀವು ಬಿಟ್ಟಿದ್ದನ್ನ ಸೇರಿಸ್ದೆ ಮೇಡಂ."

ಮುಂದಿನ ವರ್ಷ ನನಗೆ ಪಾತ್ರ ಕೊಡಲಿಲ್ಲ. ಹೋಗಲಿ, ಯಾರಿಗೆ ಬೇಕು!

ನಾಟಕ ಮುಗಿದ ಮೇಲೆ ಅಬ್ಬಾ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಕರೆದುಕೊಂಡು ಬಂದರು. ಮನೆಯ ಮುಂದೆ ಸ್ಕೂಟರ್ ಸ್ಟ್ಯಾಂಡ್ ಹಾಕಿ, "ವಿಷ ಹಾಕಿದ್ದು ತಪ್ಪೇ" ಎಂದರು. ಕೀ ತೆಗೆದು ಜೇಬಿಗೆ ಹಾಕುತ್ತ, "ಕೊನೇಲಿ ಎಲ್ರೂ ಖುಷಿಯಾಗಿ ಹಾಡಿದ್ರಲ್ಲ, ಅವನ ಮನೇನ ಅವನ ಮಗಳಿಗಾದ್ರೂ ವಾಪಸ್ ಕೊಟ್ರಾ?" ಎಂದು ಕೇಳಿದರು.

"ಇಲ್ಲ ಅಬ್ಬಾ," ಎಂದೆ. "ಅದನ್ನ ಕೇಳಿದ್ದು ನೀವೊಬ್ಬರೇ."