ತೊಟ್ಟಿಯಲ್ಲಿ ಅದ್ದಿದ ಇಕ್ಕಳ

ಹೋದ ತಿಂಗಳು ಒಬ್ಬನ ಹಲ್ಲು ಕಿತ್ತೆ. ಹಲ್ಲು ಬೇರುಸಮೇತ ಸರಿಯಾಗಿಯೇ ಬಂತು. ಮನುಷ್ಯ ಉಳಿಯಲಿಲ್ಲ.

ಅವನು ನನ್ನ ಸೋದರತ್ತೆಯ ಮಗ ಬೊಮ್ಮಯ್ಯ. ತಮಿಳು ಸೀಮೆಯ ಕಂಬಂನಲ್ಲಿ, ಕನ್ನಡ ಆಡುವ ನಮ್ಮವರ ಕೇರಿಯಲ್ಲೇ ಅವನ ಮನೆ. ಹೆಂಡತಿ ವೀರಮ್ಮನಿಗೆ ಆಗ ಏಳು ತಿಂಗಳು. ಇಷ್ಟು ದಿನ ಪತ್ರಿಕೆಯ ಈ ಜಾಗದಲ್ಲಿ ನಮ್ಮ ಕಣಿವೆಯ ಎತ್ತಿನ ಗಾಡಿ, ಸಂತೆಯ ಜಗಳ, ಹೊಸದಾಗಿ ಬಂದ ಪೆರಿಯಾರ್ ಅಣೆಕಟ್ಟಿನ ನೀರು ಎಂದೆಲ್ಲ ಬರೆದು ನಿಮ್ಮನ್ನು ನಗಿಸಲು ನೋಡಿದ್ದೇನೆ. ಈ ವಾರ ಅದು ಆಗುವುದಿಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುತ್ತೇನೆ.

ನನ್ನ ಕೆಲಸ ನಿಮಗೆ ಗೊತ್ತು. ಸಿಡುಬು ಬಾರದಂತೆ ತೋಳು ಕೆರೆದು ದಾಕು ಹಾಕುವುದು. ಚಿನ್ನಮನೂರಿನಿಂದ ಕಂಬಂವರೆಗೆ ಊರೂರು ತಿರುಗುತ್ತೇನೆ. ಹಲ್ಲು ಕೀಳುವುದನ್ನು ದಿಂಡಿಗಲ್ಲಿನ ಒಬ್ಬ ಡಾಕ್ಟರ ಹತ್ತಿರ ಕಲಿತೆ. (ಕಲಿತೆ ಎನ್ನುವುದಕ್ಕಿಂತ ಪಕ್ಕದಲ್ಲಿ ನಿಂತು ನೋಡಿದೆ ಎನ್ನುವುದು ಸರಿ.)

ಆ ಡಾಕ್ಟರು ಒಂದು ದಿನ ನನ್ನದೇ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು ಕೆರೆದು, ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಕಡ್ಡಿಯಂಥವು, ಚುಕ್ಕಿಯಂಥವು, ಸುರುಳಿಯಂಥವು. ಕೆಲವು ಓಡಾಡುತ್ತಿದ್ದವು! ನಿಮ್ಮ ಕಂಬಂ ಸಂತೆಗೂ ಇಷ್ಟು ಜನ ಬರಲಿಕ್ಕಿಲ್ಲ ಎಂದು ನಕ್ಕರು. ಆ ಸಂಜೆ ನಾನು ಮೂರು ಸಲ ಇದ್ದಲಿನಿಂದ ಹಲ್ಲು ಉಜ್ಜಿದೆ. ಅವು ಹೋದವೇ? ಮರುದಿನ ನೋಡಿದರೆ ಅಲ್ಲೇ ಇದ್ದವು.

ಅವುಗಳಲ್ಲಿ ಬಹುಪಾಲು ಬಾಯಲ್ಲಿ ತೆಪ್ಪಗೆ ಬದುಕುತ್ತವೆಯಂತೆ. ಮಿತಿ ಮೀರಿದರೆ ನಮ್ಮ ರಕ್ತದಲ್ಲೇ ಕಾವಲಿದೆ. ಕೆಲವು ರೋಗಗಳಿಗೆ ಮಾತ್ರ ಕಳ್ಳನ ಚಹರೆಯನ್ನು ಆ ಕಾವಲಿಗೆ ಮೊದಲೇ ತೋರಿಸಿಟ್ಟಿರಬೇಕು. ದಾಕು ಮಾಡುವುದು ಅಷ್ಟೇ. ಆದರೆ ಮಣ್ಣಿನಲ್ಲಿ, ಸಗಣಿಯಲ್ಲಿ ಅಡಗಿರುವ ಒಂದು ಜೀವಾಣು ಬೇರೆ ಥರದ್ದು. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಅಲ್ಲಿ ಕುಳಿತು ವಿಷ ಬಿಡುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಾಗುತ್ತದೆ. ಧನುರ್ವಾಯು ಎನ್ನುತ್ತೇವಲ್ಲ, ಅದು.

ಇಕ್ಕಳವನ್ನು ಕುದಿಸಬೇಕು, ಕುದಿಸಿದ ಮೇಲೆ ಬಾಯಿಗೆ ಹೋಗುವವರೆಗೆ ಅದಕ್ಕೆ ಏನನ್ನೂ ತಾಗಿಸಬಾರದು. ಡಾಕ್ಟರು ಇದನ್ನು ನನಗೆ ಎರಡು ಸಲ ಹೇಳಿದ್ದರು.

ಈಗ ನಮ್ಮವರ ಒಂದು ಪದ್ಧತಿ ಹೇಳಬೇಕು. ನಮ್ಮ ಕೇರಿಯಲ್ಲಿ ದೇವರ ಮಂದೆ ಇದೆ. ಆ ದನಗಳನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವು ಕುಡಿಯುವ ಕಲ್ಲಿನ ತೊಟ್ಟಿಯ ನೀರು ನಮಗೆ ತೀರ್ಥ. ಯಾವ ಕಬ್ಬಿಣವಾದರೂ (ನಮ್ಮವರ ಮಾತಿನಲ್ಲಿ ಇರುಂಬು) ಮೈಗೆ ತಾಗುವ ಮೊದಲು ಅದರಲ್ಲಿ ಅದ್ದಬೇಕು. ಕಿವಿ ಚುಚ್ಚುವ ಸೂಜಿ, ಕ್ಷೌರದ ಕತ್ತಿ, ಎಲ್ಲವನ್ನೂ.

ಬೊಮ್ಮಯ್ಯ ಜಗಲಿಯಲ್ಲಿ ಕೆನ್ನೆ ಹಿಡಿದು ಕೂತಿದ್ದ. ನನ್ನನ್ನು ಕಂಡು, ಭಾವನೆಂಬ ಸಲುಗೆಯಲ್ಲಿ, "ಏನ್ ಮಾಪ್ಳೆ, ತೋಳು ಕೆರೆಯೋದು ಬಿಟ್ಟು ಬಾಯಿಗೇ ಕೈ ಹಾಕ ಬಂದ್ಬುಟ್ಟೆಯಾ?" ಎಂದ.

"ಮೂರು ದಿನಾಗಿ ಕೂಳು ತಿಂದಿಲ್ಲಣ್ಣಾ," ಎಂದಳು ವೀರಮ್ಮ. "ಬಾಯಿ ಮಾತ್ರ ಕಮ್ಮಿಯಿಲ್ಲ."

ನಾನು ಅವರ ಒಲೆಯ ಮೇಲೆ ಇಕ್ಕಳವನ್ನು ಕುದಿಸಿದೆ. ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು. ಕಡ್ಡಿಯಿಂದ ಎತ್ತಿ, ಜೊತೆಗೇ ಕುದಿಸಿದ ಬಟ್ಟೆಯ ಮೇಲೆ ಇಟ್ಟೆ. ಕೈ ತೊಳೆಯಲು ತಿರುಗಿದೆ. ಮತ್ತೆ ಈ ಕಡೆ ನೋಡುವಾಗ ಅತ್ತೆಯ ಕೈಯಲ್ಲಿ ಇಕ್ಕಳವಿತ್ತು. ಇನ್ನೊಂದು ಕೈಯಲ್ಲಿ ತೊಟ್ಟಿಯಿಂದ ತುಂಬಿ ತಂದ ಚೆಂಬು.

"ಬರೀ ಇರುಂಬು ಬಾಯಿಗೆ ಓಗಬಾರದಪ್ಪು. ಸಾಮಿ ನೀರು ಆದ್ರ ನೋವೂ ತಣೀತದ," ಎಂದು ಅತ್ತೆ ಇಕ್ಕಳವನ್ನು ಅದರೊಳಗೆ ಅದ್ದಿದರು. ನೀರು ತಿಳಿಯಾಗಿಯೇ ಇತ್ತು. ಮೇಲೆ ಒಂದು ಹುಲ್ಲಿನ ಎಸಳು ತೇಲುತ್ತಿತ್ತು.

ನಾನು ನೋಡಿದೆ. "ಅತ್ತೆ, ಇನ್ನೊಮ್ಮೆ ಕುದಿಸುತ್ತೇನೆ" ಎನ್ನಬಹುದಿತ್ತು. ಮೂರೇ ಮಾತು.

ಯಾಕೆ ಹೇಳಲಿಲ್ಲ? ಹಿರಿಯರೆಂಬ ಸಂಕೋಚ ಇತ್ತು. ಅದಕ್ಕಿಂತ ದೊಡ್ಡ ಕಾರಣ ಬೇರೆ. ನಮ್ಮ ಕೇರಿಯವರು ಮೊದಮೊದಲು ದಾಕು ಹಾಕಿಸಿಕೊಳ್ಳಲು ಒಪ್ಪಿರಲಿಲ್ಲ. ಇದರ ರಸ ಕರುವಿನ ಮೈಯಿಂದ ಬಂದದ್ದು, ನಮ್ಮ ಮಂದೆಯ ಪ್ರಸಾದ ಅಂದುಕೊಳ್ಳಿ ಎಂದು ಹೇಳಿ ಒಪ್ಪಿಸಿದವನು ನಾನೇ. ಎಲ್ಲರಿಗಿಂತ ಮೊದಲು ಮಗನ ತೋಳನ್ನು ಮುಂದೆ ಮಾಡಿದವರು ಈ ಅತ್ತೆ. ಮಂದೆಯ ಹೆಸರು ಹೇಳಿ ಕೆಲಸ ಸಾಧಿಸಿಕೊಂಡವನು ಮಂದೆಯ ನೀರು ಬೇಡ ಎನ್ನುವುದು ಹೇಗೆ? ನಾಳೆ ಅವರು ದಾಕನ್ನೂ ಬೇಡ ಎಂದರೆ?

ಇಷ್ಟೆಲ್ಲ ಯೋಚಿಸಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಇಕ್ಕಳ ತೆಗೆದುಕೊಂಡೆ. ಕೆಳಗಿನ ದವಡೆಯ ಎಡಗಡೆಯ ಹಲ್ಲು. ಎರಡು ಅಲುಗಾಟಕ್ಕೆ ಬಂತು.

ಎಂಟನೆಯ ದಿನ ಬೆಳಿಗ್ಗೆ ಬೊಮ್ಮಯ್ಯನಿಗೆ ಗಂಜಿ ಕುಡಿಯಲು ಬಾಯಿ ತೆರೆಯಲಾಗಲಿಲ್ಲ. ಸಂಜೆಗೆ ತುಟಿ ಎರಡೂ ಕಡೆಗೆ ಎಳೆದುಕೊಂಡಿತು. ಅವನನ್ನು ನೋಡಲು ಬಂದವನೊಬ್ಬ, "ನಗ್ತಾ ಅವ್ನೆ, ಒಂದೂ ಆಗಲ್ಲ ಬಿಡಿ," ಎಂದು ಸಮಾಧಾನ ಹೇಳಿ ಹೋದ. ಅದು ನಗುವಲ್ಲ ಎಂದು ನನಗೆ ಗೊತ್ತಿತ್ತು.

ಗಾಡಿಯಲ್ಲಿ ದಿಂಡಿಗಲ್ಲಿಗೆ ಒಯ್ಯಲು ಹೊರಟೆವು. ಬೀದಿಯ ತಿರುವಿನಲ್ಲಿ ಚಕ್ರ ಒಂದು ಕಲ್ಲು ಹತ್ತಿ ಇಳಿಯಿತು. ಅಷ್ಟಕ್ಕೇ ಅವನ ಬೆನ್ನು ಕಮಾನಿನಂತೆ ಎದ್ದಿತು. ವಾಪಸು ತಂದೆವು. ಸದ್ದಾದರೆ ಸಾಕು, ಮೈ ಸೆಟೆಯುತ್ತಿತ್ತು. ಮಂದೆ ಕಾಯುವವರು ತಾವಾಗಿಯೇ ಎಲ್ಲ ದನಗಳ ಗಂಟೆಯೊಳಗೂ ಹುಲ್ಲು ತುರುಕಿದರು. ಮೂರು ದಿನ ನಮ್ಮ ಕೇರಿಯಲ್ಲಿ ಗಂಟೆ ಕೇಳಲಿಲ್ಲ. ದೂರದ ದೇಶಗಳಲ್ಲಿ ಕುದುರೆಯ ರಕ್ತದಿಂದ ಈ ವಿಷಕ್ಕೆ ಮದ್ದು ತೆಗೆಯುತ್ತಿದ್ದಾರಂತೆ. ಅದು ದಿಂಡಿಗಲ್ಲಿಗೇ ಬಂದಿಲ್ಲ, ಇನ್ನು ಕಂಬಂಗೆ?

ಹನ್ನೊಂದನೆಯ ದಿನ ಮಧ್ಯಾಹ್ನ ಹೋದ. ಕೊನೆಯವರೆಗೂ ಅವನಿಗೆ ಎಚ್ಚರವಿತ್ತು.

ಆ ನೀರೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ನನ್ನ ಹತ್ತಿರ ಮೈಕ್ರೋಸ್ಕೋಪಿಲ್ಲ. ಆದರೆ ಸಾವಿನ ಮನೆಯಲ್ಲಿ ಒಬ್ಬ ಅಜ್ಜಿ ಆಡಿದ ಮಾತು ನನ್ನನ್ನು ಹಿಡಿದುಕೊಂಡಿತು. "ಅವಳ ಮೂರು ಕೂಸೂ ಎಂಟನೇ ದಿನಕ್ಕೇ ಬಾಯಿ ಕಚ್ಚಿದವು. ಇವನೂ ಎಂಟಕ್ಕೇ."

ಅತ್ತೆಗೆ ಬೊಮ್ಮಯ್ಯನಿಗಿಂತ ಮೊದಲು ಮೂವರು ಹುಟ್ಟಿ, ಹಸುಗೂಸಾಗಿಯೇ ಹೋಗಿದ್ದರು. ಮೂವರೂ ಹುಟ್ಟಿದ್ದು ಈ ಕೇರಿಯಲ್ಲೇ. ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲನ್ನೂ ತೊಟ್ಟಿಯಲ್ಲಿ ಅದ್ದುತ್ತಾರೆ. ಬೊಮ್ಮಯ್ಯ ಹುಟ್ಟಿದ್ದು ಮಾತ್ರ ಆಂಡಿಪಟ್ಟಿಯ ದಾರಿಯಲ್ಲಿ, ನಿಲ್ಲಿಸಿದ ಗಾಡಿಯೊಳಗೆ. ಅಲ್ಲಿ ನಮ್ಮ ಮಂದೆಯೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ.

ವೀರಮ್ಮನಿಗೆ ಈಗ ಎಂಟು ತಿಂಗಳು ತುಂಬಿದೆ. ನಾನು ಬಾಯಿ ಬಿಟ್ಟರೆ, ನಾಲ್ಕು ಮಕ್ಕಳಿಗೂ ನಿಮ್ಮ ತೀರ್ಥವೇ ಮುಳುವಾಯಿತೇನೋ ಎಂದು ಆ ತಾಯಿಗೆ ಹೇಳಿದಂತಾಗುತ್ತದೆ. ಬಿಡದಿದ್ದರೆ ಕುಡುಗೋಲು ಮತ್ತೆ ತೊಟ್ಟಿಗೆ ಹೋಗುತ್ತದೆ. ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಒಂಬತ್ತು ದಿನ ಆ ಬೀದಿಯನ್ನೇ ತಪ್ಪಿಸಿ ಓಡಾಡಿದೆ.

ಹೋದ ಶುಕ್ರವಾರ ಹೋಗಿ ಹೇಳಿದೆ. ಕಣ್ಣಿಗೆ ಕಾಣದ ಜೀವಾಣು, ಸಗಣಿ, ನೀರು, ಕುಡುಗೋಲು. ಒಂದನ್ನೂ ಬಿಡಲಿಲ್ಲ. ಅತ್ತೆ ಗೋಡೆಗೆ ಒರಗಿ ಕೇಳಿದರು. ವೀರಮ್ಮ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಅತ್ತೆ ಎದ್ದರು. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲನ್ನು ತೆಗೆದು ನನ್ನ ಮುಂದೆ ಇಟ್ಟರು.

"ಎಂಗ ಕುದಿಸಬೇಕು, ಎಷ್ಟು ಒತ್ತು, ಇವಳಿಗೆ ಹೇಳಿಕೊಟ್ಟು ಓಗು," ಎಂದರು. ಆಮೇಲೆ ಕೇಳಿದರು: "ಅವತ್ತು ನಾ ಇಕ್ಕಳ ಅದ್ದುವಾಗ ನಿಂಗ ಇದೆಲ್ಲಾ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಆ ಮೂವರಿಗೆ ಅದ್ದುವಾಗ ನಂಗ ಗೊತ್ತಿರಲಿಲ್ಲ," ಎಂದರು. "ನಾಕನೆಯವನಿಗೆ ಅದ್ದುವಾಗ ನಿಂಗ ಗೊತ್ತಿತ್ತು."