ಟಿಟವಿಯ ಸುತ್ತ ಇಟ್ಟ ಕಲ್ಲುಗಳು

ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನ ಬಾಯಿಂದಲೇ ಬರುತ್ತದೆ. ಹಿಂಜವಾಡಿಯ ಐಟಿ ಕಂಪನಿಗಳಿಗೆ ಕ್ಯಾಬ್ ಓಡಿಸುವವನಿಗೆ ಸರಕಿಗೇನು ಕೊರತೆ? ಹಿಂದಿನ ಸೀಟಿನಲ್ಲಿ ಕೂತು ‘ಮಗಾ, ಇವತ್ತು ರಿಲೀಸ್ ಇದೆ, ಸತ್ತೆ’ ಎನ್ನುವ ಬೆಂಗಳೂರು ಹುಡುಗರು, ನಲ್ಲಿ ತಿರುಗಿಸಿದಾಗಲೆಲ್ಲ ‘ಪಾಣೀ ಜಪೂನ್ ವಾಪರಾ’, ನೀರು ನೋಡಿ ಬಳಸಿ, ಎಂದು ಮರಾಠಿಯಲ್ಲಿ ಕಿರುಚುವ ಮನೆ ಮಾಲಕಿ, ಎಲ್ಲರೂ ಸಂಜೆ ನಮ್ಮ ಒಂಟಿ ಖೋಲಿಯಲ್ಲಿ ಅವ್ವನ ಮುಂದೆ ಹಾಜರಾಗುತ್ತಿದ್ದರು. ಕೊನೆಗೆ ನನ್ನ ಸರದಿ: ಟ್ರಾಫಿಕ್ ಪೊಲೀಸರ ಮುಂದೆ ನಾನು ಮಾತಾಡುವ ದನಿ. ಅದು ಇಲಿಯ ದನಿ. ಅವ್ವ ಅದಕ್ಕೇ ಹೆಚ್ಚು ನಗುತ್ತಿದ್ದಳು.

ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ. ಯಾದಗಿರಿ ಕಡೆಯಿಂದ ಬಂದು ಇಲ್ಲಿಯ ಎಷ್ಟೋ ಕಟ್ಟಡಗಳಿಗೆ ಬುಟ್ಟಿ ಹೊತ್ತವಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣನ್ನು ನಿಧಾನವಾಗಿ ತಿಂದುಹಾಕಿತು. ರಜೆಯ ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರ ಹಿಂದಿನ ಗುಡ್ಡಕ್ಕೆ ಒಯ್ಯುತ್ತೇನೆ. ಕೆಳಗೆ ನಾನು ಅವಳ ಕೈ ಹಿಡಿಯುತ್ತೇನೆ. ಮೇಲೆ ಹೋದ ಮೇಲೆ ಕುರುಡ ನಾನೇ.

‘ಆ ಜಾಲಿ ಕಂಟಿಯೊಳಗ ಕವಜಗ ಅದ. ತಂತಿ ಮ್ಯಾಲ ಕಾಜಾಣ. ಹಳ್ಳದ ಕಡೆ ನವಿಲು. ಈಗ ಸರ್ ಅಂತು, ಕೇಳಿದೇನು? ಮುಂಗುಸಿ.’

‘ಹಾವಿದ್ರ?’

‘ಹಾವು ನಿನ್ನಂಗ ಗದ್ಲ ಮಾಡೂದಿಲ್ಲ.’

ಆದರೆ ಅವಳು ಕಾಯುತ್ತಿದ್ದದ್ದು ಟಿಟವಿಗೆ. ಟಿಟ್ಟಿಭ ಅನ್ನುವ ಉದ್ದ ಕಾಲಿನ ಹಕ್ಕಿ, ಗೂಡು ಕಟ್ಟದೆ ಬಯಲು ನೆಲದ ಮೇಲೇ ಮೊಟ್ಟೆ ಇಡುತ್ತದೆ. ಯಾರಾದರೂ ಹತ್ತಿರ ಬಂದರೆ ತಲೆಯ ಮೇಲೆ ಹಾರುತ್ತಾ ಒದರುತ್ತದೆ. ಹಿಂದೆ ಈ ಗುಡ್ಡದ ಬುಡದಲ್ಲಿ ಕಟ್ಟಡದ ಕೆಲಸ ನಡೆದಾಗ ಟಿಪ್ಪರ್ ತಿರುಗುವ ಜಾಗದಲ್ಲೇ ಒಂದು ಟಿಟವಿ ಮೊಟ್ಟೆ ಇಟ್ಟಿತ್ತಂತೆ. ಅವ್ವ ಸುತ್ತಲೂ ದೊಡ್ಡ ಕಲ್ಲುಗಳನ್ನು ಉರುಳಿಸಿ ಇಟ್ಟಳು. ಸೂಪರ್‌ವೈಸರ್ ಬೈದ. ಕಲ್ಲು ಮಾತ್ರ ತೆಗೆಸಲಿಲ್ಲ. ಟಿಪ್ಪರ್‌ಗಳು ಸುತ್ತು ಹಾಕಿಕೊಂಡು ಹೋದವು, ಮರಿಗಳು ನಡೆದುಕೊಂಡು ಹೋದವು. ಆ ಕೆಲಸ ಅರ್ಧಕ್ಕೇ ನಿಂತಿತು. ಅಲ್ಲಿಂದ ಪ್ರತಿ ವರ್ಷ ಅದೇ ಕಲ್ಲುಗಳ ನಡುವೆ ಟಿಟವಿ ಕೂತಿತು.

ಈಚೆಗೆ ಅಲ್ಲಿ ಮತ್ತೆ ತಗಡಿನ ಬೇಲಿ ಬಂದು, ಎರಡು ಟವರ್ ಎದ್ದು ನಿಂತವು. ಯಂತ್ರದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವ್ವ ಕೇಳಿದಾಗ, ರಸ್ತೆಯ ಆಚೆಯಿಂದ ಎಂದಿದ್ದೆ. ಅವಳಿಗೆ ಇನ್ನೂ ಕಾಣುತ್ತಿದ್ದ ಜಾಗ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ.

ಈ ಸಲ ಮೊದಲ ಮಳೆ ಬಿದ್ದ ಮೇಲೆ ಹೋಗಿದ್ದೆವು.

‘ಟಿಟವಿ ಯಾಕೋ ಒದರವಲ್ದು?’

‘ನೀರಿನ ಕಡೆ ಹೋಗಿರ್ತಾವವ್ವಾ.’

‘ಹೋದ ವರ್ಷಾನೂ ಇದ ಹೇಳ್ದಿ.’

ಗಂಟಲು ಸರಿಮಾಡಿಕೊಂಡೆ. ಟಿಟವಿಯೇನು ದೊಡ್ಡದು, ಮನೆ ಮಾಲಕಿಯ ದನಿಯನ್ನೇ ತೆಗೆದವನು ನಾನು! ಬಾಯಿ ತೆರೆಯುವ ಮೊದಲೇ ಗುಡ್ಡದ ಬುಡದ ಕಡೆಯಿಂದ ಬಂತು: ಟಿಟ್‌-ಟಿಟೂ-ಯಿಟ್!

ಬೆನ್ನಿಗೆ ಒಂದು ಬಿತ್ತು. ‘ಭಾಡ್ಯಾ, ನನ್ನ ಮುಂದ ನಾಟಕ ಮಾಡ್ತಿ?’

‘ನಾನಲ್ಲವ್ವಾ, ನಿನ್ನಾಣಿ!’

‘ನಿನ್ನ ಆಣಿಗೆ ಕವಡಿ ಕಿಮ್ಮತ್ತಿಲ್ಲ.’

ಅವಳು ತಡಕಾಡಿ ನನ್ನ ಮುಖ ಹುಡುಕಿ, ಅಂಗೈಯಿಂದ ಬಾಯಿ ಮುಚ್ಚಿ ಹಿಡಿದಳು. ಸಿಮೆಂಟು ತಿಂದ ಅಂಗೈ ಇನ್ನೂ ಒರಟು. ಮತ್ತೆ ಬಂತು: ಟಿಟ್‌-ಟಿಟೂ-ಯಿಟ್! ಅವ್ವನ ಮುಖ ಅರಳಿತು. ‘ಬಂದಾಳಲ್ಲೋ!’

ನನಗೆ ಅದು ಕಾಣುತ್ತಿತ್ತು. ಇಳಿಜಾರಿನ ಬಂಡೆಯ ಮೇಲೆ ಒಂದು ನೆಲಗುಬ್ಬಿ, ಮಣ್ಣಿನ ಬಣ್ಣ, ತಲೆಯ ಮೇಲೆ ಪುಟ್ಟ ಜುಟ್ಟು. ಟಿಟವಿಯ ದನಿ ಮುಗಿಸಿ ಕಾಜಾಣದ್ದು ತೆಗೆಯಿತು, ಆಮೇಲೆ ಗುಬ್ಬಚ್ಚಿಯದು, ಮತ್ತೆ ಟಿಟವಿಯದು. ನನ್ನದೇ ಜಾತಿಯದು, ಕಳ್ಳ! ಗುಡ್ಡದ ಮೇಲೆ ಇರುವವರನ್ನೂ ಇಲ್ಲದವರನ್ನೂ ಒಂದೇ ಉಸಿರಿನಲ್ಲಿ ಆಡಿ ತೋರಿಸುತ್ತಿತ್ತು. ಬಾಯಿ ಬಿಡಿಸಿಕೊಳ್ಳಲು ನಾನು ಹೋಗಲಿಲ್ಲ. ಆ ಕೈ ಅಲ್ಲೇ ಇರಲಿ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಸಡಿಲವಾಯಿತು.

‘ಇದು ಅಕಿ ಅಲ್ಲ.’

‘ಯಾಕವ್ವಾ?’

‘ಇದು ಹಾಡಾಕತ್ತದ. ತತ್ತಿ ಇಟ್ಟಾಕಿ ಹಾಡೂದಿಲ್ಲೋ, ಒದರ್ತಾಳ. ಇದಕ್ಕ ಅಂಜಿಕಿನ ಇಲ್ಲ.’

ನೆಲಗುಬ್ಬಿ ಹಾಡುತ್ತಲೇ ಮೇಲೆ ಹಾರಿತು. ಅವ್ವ ಆ ಕಡೆ ಮುಖ ಎತ್ತಲಿಲ್ಲ.

‘ಅಲ್ಲಿ ಕಟ್ಟ್ಯಾರೇನು?’

‘ಹೌದವ್ವಾ.’ ಅದು ಇಲಿಯ ದನಿಯಲ್ಲೇ ಬಂತು. ಅವಳು ನಗಲಿಲ್ಲ.

‘ನಾ ಇಟ್ಟ ಕಲ್ಲು?’

‘ಅಲ್ಲೇ ಗೇಟ್ ಬಂದದ.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ನೆರೆಮನೆಯವರನ್ನು ವಿಚಾರಿಸುವ ಹಾಗೆ, ಕೇಳಿದಳು:

‘ಈಗ ಅಲ್ಲಿ ಯಾರ್ ಇರ್ತಾರ?’

ಟವರಿನ ಕಡೆ ನೋಡಿದೆ. ಯಾವ ಕಿಟಕಿಯ ಗಾಜಿನ ನೀಲಿ ಪ್ಲಾಸ್ಟಿಕ್ಕನ್ನೂ ಇನ್ನೂ ಕಿತ್ತಿರಲಿಲ್ಲ. ಯಾವ ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತಿರಲಿಲ್ಲ.

‘ಇನ್ನೂ ಯಾರೂ ಬಂದಿಲ್ಲವ್ವಾ’ ಎಂದೆ.